ಸೈಕಲ್ ಪ್ರವಾಸಕ್ಕೆ ಹೊರಟಿರಾ? ಸಂಕೋಚ ಮನೆಯಲ್ಲೇ ಇರಲಿ!

“ಅಯ್ಯೋ, ನಲವತ್ತು ದಾಟಿದ ಮೇಲೆ ಸೈಕಲ್ಲೇ? ನೋಡಿದವರು ನಗೋಲ್ವೇ?” ಎನ್ನುತ್ತೀರಾ? ನಗುವವರು ನಗಲಿ ಬಿಡಿ! ಹೈಸ್ಕೂಲಿಗೆ, ಕಾಲೇಜಿಗೆ ಸೈಕಲ್ ತುಳಿದುಕೊಂಡೇ ಹೋದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ? ಮದುವೆ, ಮಕ್ಕಳು, ಸಂಸಾರ ಎಂದು ಆ ಸೈಕಲ್ ಅಟ್ಟ ಸೇರಿತು, ಅಷ್ಟೆ.

ಈಗ ಹತ್ತಾರು ಜನ ಗುಂಪು ಕಟ್ಟಿಕೊಂಡು ನಾಲ್ಕೈದು ದಿನ, ಒಂದು ವಾರ ಸೈಕಲ್ ಮೇಲೆ ಊರೂರು ನೋಡುತ್ತಾ ಹೋಗುವ ಪ್ರವಾಸಗಳು ನಮ್ಮಲ್ಲೂ ನಡೆಯುತ್ತವೆ. ಇವುಗಳಲ್ಲಿ ಹೆಸರಾದದ್ದು 2008ರಲ್ಲಿ ಆರಂಭವಾದ ‘ಟೂರ್ ಆಫ್ ನೀಲಗಿರೀಸ್’. ನಮ್ಮ ಮೈಸೂರು ಸೀಮೆ, ಅತ್ತ ಊಟಿ, ಇತ್ತ ಕೇರಳದ ಬೆಟ್ಟಗಳು ಎಲ್ಲವೂ ಅದರ ದಾರಿಯಲ್ಲಿ ಬಂದುಹೋಗಿವೆ. ಅದು ಪಳಗಿದ ಸವಾರರಿಗೇ ಸವಾಲಾಗುವಂಥದ್ದು. ಮೊದಲ ಸಲ ಹೊರಡುವವರು ದಿನಕ್ಕೆ ನಲವತ್ತೈವತ್ತು ಕಿಲೋಮೀಟರಿನ, ಬಯಲುಸೀಮೆಯ ಚಿಕ್ಕ ಪ್ರವಾಸವನ್ನು ಆರಿಸಿಕೊಳ್ಳುವುದು ಮೇಲು.

ವಯಸ್ಸಿನ ಮಾತೆತ್ತುವವರಿಗೆ ಒಂದು ಉದಾಹರಣೆ ಹೇಳಿ. ಅಮೆರಿಕದ ಐಯೊವಾ ರಾಜ್ಯದಲ್ಲಿ 1973ರಲ್ಲಿ ಇಬ್ಬರು ಪತ್ರಕರ್ತರು ರಾಜ್ಯದ ಈ ಅಂಚಿನಿಂದ ಆ ಅಂಚಿಗೆ ಸೈಕಲ್ ಮೇಲೆ ಹೊರಟು, ಓದುಗರನ್ನೂ ಜತೆಗೆ ಕರೆದರು. ಆ ಮೊದಲ ವರ್ಷವೇ ಕ್ಲಾರೆನ್ಸ್ ಪಿಕಾರ್ಡ್ ಎಂಬ 83 ವರ್ಷದ ಅಜ್ಜ ಹೆಂಗಸರ ಸೈಕಲ್ಲೊಂದನ್ನು ತುಳಿದುಕೊಂಡು ಪೂರ್ತಿ ದಾರಿ ಮುಗಿಸಿಬಿಟ್ಟರು! ಹಾಗಿದ್ದಮೇಲೆ ನಮ್ಮ ನಲವತ್ತೈದು ಒಂದು ವಯಸ್ಸೇ?

ಉತ್ಸಾಹ ಬಂತಲ್ಲವೇ? ಈಗ ಸಿದ್ಧತೆಯ ಮಾತಿಗೆ ಬರೋಣ.

ಅವರೇನು ಕೊಡುತ್ತಾರೆ, ನಿಮ್ಮದೇನು?

ಇಂಥ ಪ್ರವಾಸಗಳಲ್ಲಿ ನಿಮ್ಮ ದೊಡ್ಡ ಚೀಲವನ್ನು ವ್ಯಾನು ಹೊತ್ತು ತರುತ್ತದೆ. ಊಟ, ವಸತಿ ವ್ಯವಸ್ಥಾಪಕರದು. ದಾರಿಯಲ್ಲಿ ಅಲ್ಲಲ್ಲಿ ನೀರು, ಬಾಳೆಹಣ್ಣು ಇಟ್ಟುಕೊಂಡು ಕಾಯುತ್ತಿರುತ್ತಾರೆ. ಸೈಕಲ್ ಕೆಟ್ಟರೆ ರಿಪೇರಿ ಮಾಡುವವರಿರುತ್ತಾರೆ. ಎಲ್ಲರ ಹಿಂದೆ ಒಂದು ಗಾಡಿ ಬರುತ್ತಿರುತ್ತದೆ. ಆಗದವರು ಅದನ್ನು ಹತ್ತಬಹುದು.

ಆದರೂ ನಿಮ್ಮ ಸೈಕಲ್ ಮೇಲೆ ಎರಡು ನೀರಿನ ಬಾಟಲಿ, ಒಂದು ಟ್ಯೂಬು, ಸಣ್ಣ ಪಂಪು, ತೆಳುವಾದ ರೈನ್‌ಕೋಟು, ಮೊಬೈಲು, ಸ್ವಲ್ಪ ಹಣ, ಹೆಸರು ಮತ್ತು ರಕ್ತದ ಗುಂಪು ಬರೆದ ಚೀಟಿ ಇರಲೇಬೇಕು. ಪಂಕ್ಚರ್ ಆದಾಗ ಗಾಡಿ ನಿಮ್ಮಿಂದ ಎಷ್ಟು ದೂರದಲ್ಲಿರುತ್ತದೋ ಯಾರು ಕಂಡವರು? ಟ್ಯೂಬು ಬದಲಿಸುವುದನ್ನು ನಿಮ್ಮೂರಿನ ಸೈಕಲ್ ಶಾಪಿನಲ್ಲಿ ನಿಂತು ಕಲಿತುಬಿಡಿ. ಕುಕ್ಕರಿನ ಗ್ಯಾಸ್ಕೆಟ್ ಬದಲಿಸುವ ಕೈಗೆ ಇದೇನು ಮಹಾ!

ಹಣ ಕಟ್ಟುವ ಮುಂಚೆ ಕೆಲವು ಪ್ರಶ್ನೆಗಳನ್ನು ಬಾಯಿಬಿಟ್ಟು ಕೇಳಿ. ದಿನಕ್ಕೆ ಎಷ್ಟು ಕಿಲೋಮೀಟರು? ಏರು ಎಷ್ಟು? ಡಾಕ್ಟರು, ಆಂಬುಲೆನ್ಸ್ ಇರುತ್ತದೆಯೇ? ಹೆಂಗಸರಿಗೆ ಬೇರೆ ಕೋಣೆಯೇ? ದಾರಿಯಲ್ಲಿ ಶೌಚಾಲಯ ಎಲ್ಲೆಲ್ಲಿ? ಬರಲಾಗದಿದ್ದರೆ ಹಣ ವಾಪಸ್ಸುಂಟೇ? ಶೌಚಾಲಯದ ಪ್ರಶ್ನೆ ಕೇಳಲು ನಾಚಿಕೊಳ್ಳಬೇಡಿ. ಅದಕ್ಕೆ ನೆಟ್ಟಗೆ ಉತ್ತರ ಕೊಡದವರ ಜತೆ ಹೋಗದಿರುವುದೇ ಲೇಸು.

ಏರಿನ ಲೆಕ್ಕವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಮಸಿನಗುಡಿಯಿಂದ ಕಲ್ಹಟ್ಟಿ ದಾರಿಯಲ್ಲಿ ಊಟಿಗೆ ಹತ್ತುವಾಗ 36 ಹೇರ್‌ಪಿನ್ ತಿರುವುಗಳಿವೆ. ಊಟಿಯೋ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಹತ್ತು ಕಿಲೋಮೀಟರು ಮಂಡ್ಯದ ಬಯಲಿನ ನಲವತ್ತಕ್ಕೂ ಮಿಗಿಲು.

ಮೂರು ತಿಂಗಳ ತಾಲೀಮು

ಮೊದಲು ಡಾಕ್ಟರರನ್ನು ಕಂಡು ಬಿ.ಪಿ., ಸಕ್ಕರೆ, ಹಿಮೋಗ್ಲೋಬಿನ್ ನೋಡಿಸಿ. ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ಏರು ಹತ್ತುವಾಗ ಎದೆ ಡವಗುಟ್ಟಿ, ಕಣ್ಣು ಕತ್ತಲೆ ಬರಬಹುದು. “ನನಗೆ ಶಕ್ತಿಯೇ ಇಲ್ಲ” ಎಂದು ನಿಮ್ಮನ್ನು ನೀವೇ ಹಳಿದುಕೊಳ್ಳುವ ಬದಲು ಮೊದಲು ರಕ್ತ ಸರಿಮಾಡಿಕೊಳ್ಳಿ.

ಆಮೇಲೆ ವಾರಕ್ಕೆ ಮೂರು ದಿನ ಬೆಳಗಿನ ತಂಪಿನಲ್ಲಿ ಅಭ್ಯಾಸ. ಮೊದಲ ವಾರ ಹತ್ತು ಕಿಲೋಮೀಟರು ಸಾಕು. ವಾರದಿಂದ ವಾರಕ್ಕೆ ಸ್ವಲ್ಪಸ್ವಲ್ಪವೇ ಏರಿಸಿ. ಒಮ್ಮೆಲೇ ದುಪ್ಪಟ್ಟು ಮಾಡಿದರೆ ಮಂಡಿ ಹಿಡಿದುಕೊಳ್ಳುತ್ತದೆ. ಪ್ರವಾಸದ ಅತಿ ಉದ್ದದ ದಿನ ಅರವತ್ತು ಕಿಲೋಮೀಟರಾದರೆ, ಹೊರಡುವ ಹೊತ್ತಿಗೆ ನಲವತ್ತೈದಾದರೂ ನಿಮಗೆ ಸಲೀಸಾಗಬೇಕು. ಒಂದೆರಡು ಸಲ ಶನಿವಾರ, ಭಾನುವಾರ ಎರಡೂ ದಿನ ಸತತವಾಗಿ ತುಳಿದು ನೋಡಿ. ಮೊದಲ ದಿನ ಯಾರಾದರೂ ತುಳಿದಾರು. ನೊಂದ ಮೈಯನ್ನು ಎರಡನೆಯ ದಿನ ಮತ್ತೆ ಸೀಟಿನ ಮೇಲೆ ಕೂರಿಸುವುದೇ ನಿಜವಾದ ಪರೀಕ್ಷೆ.

ಸೀಟಿನ ಎತ್ತರ ಸರಿಯಿರಲಿ. ಪೆಡಲ್ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ತುಳಿಯುವಾಗ ಪಾದದ ಮುಂಭಾಗ ಇಟ್ಟರೆ ಮಂಡಿ ಕೊಂಚ ಬಾಗಿರಬೇಕು. ಹೆಂಗಸರಿಗೆಂದೇ ಹಿಂಭಾಗ ಅಗಲವಾದ ಸೀಟುಗಳು ಸಿಗುತ್ತವೆ, ಹಾಕಿಸಿಕೊಳ್ಳಿ. ಗೇರಿನ ಸೈಕಲ್ಲಾದರೆ ಏರಿನಲ್ಲಿ ಹಗುರದ ಗೇರು ಹಾಕಿ ಬೇಗಬೇಗ ತುಳಿಯಿರಿ. ಭಾರದ ಗೇರಿನಲ್ಲಿ ಒತ್ತಿ ತುಳಿದರೆ ಮಂಡಿಗೆ ಪೆಟ್ಟು.

ಉಡುಪು, ಒಡವೆ

ದುಪಟ್ಟಾ ಖಂಡಿತ ಬೇಡ. ಅದು ಚಕ್ರಕ್ಕೆ ಸಿಕ್ಕಿ ಕುತ್ತಿಗೆ ಬಿಗಿದ ಅನಾಹುತಗಳು ಆಗಿವೆ. ಪ್ಯಾಂಟಿನ ಅಂಚು ಚೈನಿಗೆ ಸಿಗದಂತೆ ಬಿಗಿಯಾಗಿರಲಿ. ಮೆತ್ತೆಯಿರುವ ಸೈಕಲ್ ಚಡ್ಡಿ ತಪ್ಪದೆ ಕೊಳ್ಳಿ. ಅದರೊಳಗೆ ಬೇರೆ ಒಳಉಡುಪು ಹಾಕಬಾರದು, ಹೊಲಿಗೆ ಒತ್ತಿ ತೊಡೆಸಂದು ಕೆರೆದುಹೋಗುತ್ತದೆ. ಸಂಕೋಚವೆನಿಸಿದರೆ ಮೇಲೊಂದು ಸಡಿಲವಾದ ಕುರ್ತಾ ಹಾಕಿಕೊಳ್ಳಿ, ಯಾರೂ ಬೇಡವೆನ್ನರು. ಉಜ್ಜುವ ಜಾಗಕ್ಕೆ ಬೆಳಿಗ್ಗೆಯೇ ವ್ಯಾಸಲೀನ್ ಹಚ್ಚಿ.

ಉಂಗುರ, ಗಾಜಿನ ಬಳೆ ತೆಗೆದಿಡಿ. ಬಿಸಿಲಿಗೆ ಬೆರಳು ಊದಿಕೊಳ್ಳುತ್ತದೆ, ಬಿದ್ದರೆ ಬಳೆ ಚುಚ್ಚುತ್ತದೆ. ತಾಳಿ ಸರ ಉಡುಪಿನೊಳಗಿರಲಿ. ಹೆಲ್ಮೆಟ್ ಮಾತ್ರ ಹತ್ತು ಹೆಜ್ಜೆ ದೂರಕ್ಕೂ ಬಿಡಬೇಡಿ. ಜಡೆ ಕತ್ತಿನ ಹತ್ತಿರ ಕೆಳಗೆ ಕಟ್ಟಿದರೆ ಹೆಲ್ಮೆಟ್ ಸರಿಯಾಗಿ ಕೂರುತ್ತದೆ.

ನೀರು ಕುಡಿಯದಿರುವ ಚಾಳಿ

ನಮ್ಮ ಹೆಣ್ಣುಮಕ್ಕಳು ಪ್ರಯಾಣವೆಂದರೆ ಮಾಡುವ ಮೊದಲ ಕೆಲಸವೇನು ಹೇಳಿ? ನೀರು ಕುಡಿಯುವುದನ್ನು ಬಿಡುವುದು! “ದಾರೀಲಿ ಎಲ್ಲಿ ಹೋಗೋದು?” ಎಂಬ ಭಯ. ಬಸ್ಸಿನಲ್ಲಿ ಹೇಗೋ ನಡೆದೀತು. ಬಿಸಿಲಲ್ಲಿ ಬೆವರು ಸುರಿಸುತ್ತಾ ಸೈಕಲ್ ತುಳಿಯುವಾಗ ಇದು ಪ್ರಾಣಕ್ಕೇ ಸಂಚಕಾರ. ತಲೆನೋವು, ಸ್ನಾಯು ಸೆಳೆತದಿಂದ ಶುರುವಾಗಿ ಬವಳಿ ಬಂದು ಬೀಳುವವರೆಗೂ ಹೋಗುತ್ತದೆ. ಮೂತ್ರ ಕಟ್ಟಿಕೊಂಡಿದ್ದರೆ ಸೋಂಕು, ಉರಿ ಬೇರೆ.

ಆದ್ದರಿಂದ ಕಾಲು ಗಂಟೆಗೊಮ್ಮೆ ಎರಡು ಮೂರು ಗುಟುಕು ಕುಡಿಯುತ್ತಿರಿ. ಹಾಗೆಂದು ಬಾಯಾರಿಕೆಯಿಲ್ಲದಿದ್ದರೂ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯುವುದೂ ತಪ್ಪು. ರಕ್ತದಲ್ಲಿ ಉಪ್ಪಿನಂಶ ತೀರಾ ಇಳಿದು ಅಪಾಯವಾದೀತು. ಒಂದು ಬಾಟಲಿ ಬರೀ ನೀರು, ಇನ್ನೊಂದು ಉಪ್ಪು-ಸಕ್ಕರೆ ನೀರು ಇರಲಿ. ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೋಪುರವಾಗಿರಬಾರದು, ಮಟ್ಟಸವಾಗಿರಲಿ. ಬೇಕಾದರೆ ನಿಂಬೆರಸ ಹಿಂಡಿ. ಬಿ.ಪಿ., ಸಕ್ಕರೆ ಕಾಯಿಲೆಯವರು ಡಾಕ್ಟರರನ್ನು ಕೇಳಿಯೇ ಕುಡಿಯಬೇಕು. ಮೂತ್ರ ತಿಳಿಹಳದಿ ಇದ್ದರೆ ಸರಿ. ಗಾಢವಾಗಿದ್ದರೆ ನೀರು ಸಾಲದು ಎಂದರ್ಥ.

ಇನ್ನು ಎಲ್ಲಿ ಹೋಗುವುದೆಂಬ ಪ್ರಶ್ನೆ. ಪೆಟ್ರೋಲ್ ಬಂಕುಗಳಲ್ಲಿ ಶೌಚಾಲಯ, ಕುಡಿಯುವ ನೀರು, ಗಾಳಿ ಉಚಿತವಾಗಿ ಒದಗಿಸಬೇಕೆಂಬ ನಿಯಮವಿದೆ. ಧೈರ್ಯವಾಗಿ ಕೇಳಿ. ಜತೆಗೆ ಇನ್ನೊಬ್ಬ ಹೆಂಗಸಿರಲಿ. ಕಾಗದದ ಸೋಪು, ಟಿಶ್ಯೂ ಜೇಬಿನಲ್ಲಿರಲಿ.

ಮುಟ್ಟಿನ ದಿನಗಳಾದರೆ? ಹೊಟ್ಟೆನೋವು, ಹೆಚ್ಚಿನ ಸ್ರಾವ ಇಲ್ಲದಿದ್ದರೆ ಸೈಕಲ್ ತುಳಿಯಲು ಅಡ್ಡಿಯಿಲ್ಲ. ಪ್ಯಾಡ್ ಆದರೆ ನಾಲ್ಕೈದು ಗಂಟೆಗೊಮ್ಮೆ ಬದಲಿಸಿ, ಉಜ್ಜಿ ಹುಣ್ಣಾಗದಂತೆ ನೋಡಿಕೊಳ್ಳಿ. ಮುಟ್ಟಿನ ಕಪ್ ಬಳಸುವವರು ಅದನ್ನು ಪ್ರವಾಸದಲ್ಲಿ ಮೊದಲ ಸಲ ಪ್ರಯೋಗ ಮಾಡಬಾರದು. ಮನೆಯಲ್ಲೇ ಒಂದೆರಡು ತಿಂಗಳು ರೂಢಿಯಾಗಿರಬೇಕು.

ಜೇಬಿಗೊಂದು ಉಂಡೆ

ಹಸಿವಾಗುವ ಮುಂಚೆಯೇ ತಿನ್ನಬೇಕು, ಇದು ಸವಾರರ ನಿಯಮ. ಹಸಿದು ಕೈಕಾಲು ನಡುಗಿದ ಮೇಲೆ ತಿಂದರೆ ಚೇತರಿಸಿಕೊಳ್ಳಲು ಬಹಳ ಹೊತ್ತು ಬೇಕು. ಬೆಳಿಗ್ಗೆ ಇಡ್ಲಿ, ಉಪ್ಪಿಟ್ಟು ಒಳ್ಳೆಯದು. ಪೂರಿ, ಎಣ್ಣೆ ವಡೆ ಹೊಟ್ಟೆಯಲ್ಲಿ ಕಲ್ಲಾಗಿ ಕೂತೀತು. ದಾರಿಗೆ ಬಾಳೆಹಣ್ಣು, ಕಡಲೆಕಾಯಿ ಚಿಕ್ಕಿ, ಖರ್ಜೂರ ಮತ್ತು ಈ ಉಂಡೆ:

ರಾಗಿ ಹುರಿಹಿಟ್ಟು 1 ಬಟ್ಟಲು, ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜದ ಪುಡಿ ಅರ್ಧ ಬಟ್ಟಲು, ಪುಡಿಬೆಲ್ಲ ಮುಕ್ಕಾಲು ಬಟ್ಟಲು, ಏಲಕ್ಕಿ, ಚಿಟಿಕೆ ಉಪ್ಪು. ಎಲ್ಲವನ್ನೂ ಬೆರೆಸಿ, ಉಂಡೆ ಹಿಡಿಯುವಷ್ಟು ಬಿಸಿ ತುಪ್ಪ ಹಾಕುತ್ತಾ ನಿಂಬೆಗಾತ್ರದ ಉಂಡೆ ಕಟ್ಟಿ. ಹಾಲು ಚಿಮುಕಿಸಬೇಡಿ, ಬೇಗ ಕೆಡುತ್ತದೆ. ಗಂಟೆಗೊಂದು ಬಾಯಿಗೆ ಹಾಕಿಕೊಂಡರೆ ಸಾಕು.

ರಸ್ತೆಯ ಮೇಲೆ

ಎಡಬದಿಯಲ್ಲೇ, ಒಬ್ಬರ ಹಿಂದೆ ಒಬ್ಬರು ಹೋಗಿ. ಮಾತಾಡಬೇಕೆನಿಸಿದರೆ ಮುಂದಿನ ಟೀ ಅಂಗಡಿ ಇದ್ದೇ ಇದೆ! ಮುಂದಿನವರ ಹಿಂಚಕ್ರಕ್ಕೆ ನಿಮ್ಮ ಮುಂಚಕ್ರ ತಾಗುವಷ್ಟು ಹತ್ತಿರ ಬೇಡ. ಗುಂಡಿ ಕಂಡರೆ “ಗುಂಡಿ!” ಎಂದು ಕೂಗಿ, ಕೈ ತೋರಿಸಿ. ಹಿಂದಿನವರು ಅದೇ ನಂಬಿಕೆಯಲ್ಲಿ ಬರುತ್ತಿರುತ್ತಾರೆ.

ಘಟ್ಟದ ಇಳಿಜಾರಿನಲ್ಲಿ ಎರಡೂ ಬ್ರೇಕನ್ನು ಒಟ್ಟಿಗೆ ಹಿಡಿದು ಬಿಡುತ್ತಾ ಇಳಿಯಿರಿ. ತಿರುವಿನೊಳಗೆ ನುಗ್ಗಿದ ಮೇಲಲ್ಲ, ತಿರುವಿಗೆ ಮುಂಚೆಯೇ ವೇಗ ತಗ್ಗಿಸಿ. ಮಳೆಯಾದರೆ ಬ್ರೇಕು ತಡವಾಗಿ ಹಿಡಿಯುತ್ತದೆಂಬುದು ನೆನಪಿರಲಿ. ಕಾಡಿನ ದಾರಿಯಲ್ಲಿ ವ್ಯವಸ್ಥಾಪಕರು ಹೇಳಿದ ಕಡೆ ಬಿಟ್ಟು ಬೇರೆಲ್ಲೂ ನಿಲ್ಲಬೇಡಿ.

ಗಾಡಿ ಹತ್ತಲು ನಾಚಿಕೆಯೇ?

ಕೆಲವರು ಕಣ್ಣು ಮಂಜಾದರೂ, ಬಿಸಿಲಿನಲ್ಲಿ ಮೈ ಚಳಿ ಹತ್ತಿದರೂ ಹಲ್ಲು ಕಚ್ಚಿಕೊಂಡು ತುಳಿಯುತ್ತಾರೆ. “ಗಾಡಿ ಹತ್ತಿದರೆ ಯಜಮಾನರು ಏನಂದಾರು? ‘ನಾನು ಆವತ್ತೇ ಹೇಳಲಿಲ್ಲವೇ’ ಎಂದಾರು” ಎಂಬ ಹಟ. ಬೇಡಿ ತಾಯಿ! ಆ ಗಾಡಿಗೂ ಸೇರಿಸಿಯೇ ನೀವು ದುಡ್ಡು ಕೊಟ್ಟಿದ್ದೀರಿ. ಪಳಗಿದ ಸವಾರರೂ ಹತ್ತುತ್ತಾರೆ. ಎದೆನೋವು, ತಲೆಸುತ್ತು, ವಾಂತಿ, ಮಾತು ತೊದಲುವುದು, ಇವುಗಳಲ್ಲಿ ಒಂದು ಕಂಡರೂ ತಕ್ಷಣ ಇಳಿದು ನೆರಳಿಗೆ ಕೂತು ಕೈಬೀಸಿ. ಇಂದು ಹತ್ತು ಕಿಲೋಮೀಟರು ಗಾಡಿಯಲ್ಲಿ ಹೋದವರು ನಾಳೆ ಮತ್ತೆ ಸೈಕಲ್ ಹತ್ತಬಹುದು. ಬಿದ್ದವರಿಗೆ ಆ ನಾಳೆಯಿಲ್ಲ. ಆದರೆ ಯಾರಿಗೂ ಹೇಳದೆ ಬಸ್ಸು ಹತ್ತಿ ಹೋಗಬೇಡಿ. ಕತ್ತಲಾಗುವವರೆಗೂ ನಿಮ್ಮನ್ನು ಹುಡುಕುತ್ತಿರುತ್ತಾರೆ.

ಸಂಜೆ ಮತ್ತು ಮನೆ

ತಂಗುವ ಊರು ಸೇರಿದೊಡನೆ ಮಂಚಕ್ಕೆ ಬೀಳಬೇಡಿ. ಮೊದಲು ಸ್ನಾನ ಮಾಡಿ ಒಣಬಟ್ಟೆ ಉಡಿ, ಚಡ್ಡಿ ಒಗೆದು ಹರವಿ. ಒಂದು ಜತೆ ಒಣಗುವಾಗ ಹಾಕಲು ಇನ್ನೊಂದು ಜತೆಯಾದರೂ ಇರಬೇಕು. ಅನ್ನ, ಬೇಳೆ, ಮೊಸರು ಹೊಟ್ಟೆ ತುಂಬ ಉಣ್ಣಿ. ಸೈಕಲ್ಲಿನ ಟೈರು, ಬ್ರೇಕು ನೋಡಿಟ್ಟು ಬೇಗ ಮಲಗಿ.

ಮನೆಯ ಚಿಂತೆಯೇ? ಗ್ಯಾಸಿನ ನಂಬರು, ಹಾಲಿನ ಲೆಕ್ಕ, ಅತ್ತೆಯವರ ಮಾತ್ರೆಯ ಹೊತ್ತು ಒಂದು ಹಾಳೆಯಲ್ಲಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿ. ಹುಳಿಪುಡಿ, ಚಟ್ನಿಪುಡಿ ಮಾಡಿಟ್ಟರೆ ಸಾಕು. ಐದು ದಿನದ ಅಡಿಗೆ ಮಾಡಿಟ್ಟು ಸುಸ್ತಾಗಿ ಹೊರಡಬೇಡಿ. ಅನ್ನ ಮಾಡಲು ಮನೆಯವರೂ ಕಲಿಯಲಿ.

ಮೂರು ತಿಂಗಳೆಂದರೆ ದೂರವೇನಲ್ಲ. ಈ ಭಾನುವಾರವೇ ಅಟ್ಟದಿಂದ ಸೈಕಲ್ ಇಳಿಸಿ, ಧೂಳು ಒರೆಸಿ, ಚೈನಿಗೆ ಎಣ್ಣೆ ಬಿಡಿ. ಪಕ್ಕದ ಮನೆಯ ಗೆಳತಿಯನ್ನೂ ಕರೆಯಿರಿ. ಮೊದಲ ಹತ್ತು ಕಿಲೋಮೀಟರು ಇಬ್ಬರೂ ಕೂಡಿಯೇ ಆಗಲಿ!