ಅಡುಗೆಮನೆಯ ಮೊದಲ ಖರ್ಚು ಗಾಳಿಗೆ

ವಳಕಮದಿನ್ನಿ ಸೀಮೆಯಲ್ಲಿ ಮನೆ ಕಟ್ಟಿಸುವವರ ಪ್ರಶ್ನೆ ಇದು: ಕೈಯಲ್ಲಿ ದುಡ್ಡು ಕಡಿಮೆ, ಅಡುಗೆಮನೆಯಲ್ಲಿ ಮೊದಲು ಯಾವುದಕ್ಕೆ ಹಾಕಬೇಕು? ಗ್ರಾನೈಟ್ ಕಟ್ಟೆ, ಟೈಲ್ಸ್ ಮುಂದಿನ ಸುಗ್ಗಿಗೂ ಆದಾವು. ಗೋಡೆ ಏಳುವಾಗಲೇ ಆಗಬೇಕಾದದ್ದು ಗಾಳಿಯ ದಾರಿ.

ಗ್ಯಾಸ್ ಬಂದಿದೆ, ಇನ್ನೇನು ಎನ್ನಬೇಡಿ. 14.2 ಕೆಜಿ ಸಿಲಿಂಡರ್ ಉರಿದು ಮುಗಿಯುವಷ್ಟರಲ್ಲಿ 22 ಕೆಜಿಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಅನಿಲದಲ್ಲಿರುವ ಹೈಡ್ರೋಜನ್ ಕೋಣೆಯ ಆಮ್ಲಜನಕವನ್ನು ಸೇರಿಸಿಕೊಳ್ಳುವುದರಿಂದ ತೂಕ ಬೆಳೆಯುತ್ತದೆ. ಜೊತೆಗೆ ನೈಟ್ರೋಜನ್ ಡೈಆಕ್ಸೈಡ್ ಬೇರೆ. ಜೋಳದ ರೊಟ್ಟಿಗೆ ಇಂದಿಗೂ ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ ಹಚ್ಚುವ ಮನೆಯಲ್ಲಂತೂ ಕೇಳುವುದೇ ಬೇಡ.

ಹೊಗೆಕೊಳವೆಯ ಕೆಲಸ ತಕ್ಕಡಿಯದು. ಒಂದು ತಟ್ಟೆಯಲ್ಲಿ ಹೊರಗಿನ ಗಾಳಿಯ ಕಂಬ, ಇನ್ನೊಂದರಲ್ಲಿ ಕೊಳವೆಯೊಳಗಿನ ಬಿಸಿಗಾಳಿಯ ಕಂಬ. 30 ಡಿಗ್ರಿಯ ಗಾಳಿ ಘನಮೀಟರಿಗೆ ಸುಮಾರು 1.16 ಕೆಜಿ ತೂಗಿದರೆ, 150 ಡಿಗ್ರಿಯದು 0.83 ಕೆಜಿ. ಕೊಳವೆ 3 ಮೀಟರ್ ಇದ್ದರೆ ಎರಡು ತಟ್ಟೆಗಳ ಅಂತರ ಚದರಮೀಟರಿಗೆ ಸುಮಾರು 1 ಕೆಜಿ. ಅಷ್ಟು ಸಾಕು: ಭಾರದ ಗಾಳಿ ಒಲೆಯ ಬಾಯಿಂದ ಒಳನುಗ್ಗಿ, ಹಗುರಾದ ಹೊಗೆಯನ್ನು ಮೇಲಕ್ಕೆ ತಳ್ಳುತ್ತದೆ. ಮೇ ತಿಂಗಳಲ್ಲಿ ಹೊರಗೇ 42 ಡಿಗ್ರಿ ಇದ್ದಾಗಲೂ ಕೊಳವೆ ಎಳೆಯುತ್ತದೆ. ಬರೀ ಬೆಳಕಿಂಡಿ ಮಾತ್ರ ಆಗ ಸೋಲುತ್ತದೆ. ಒಳಗೂ ಹೊರಗೂ ಬಿಸಿಲಿನ ಬಿಸಿ ಹೆಚ್ಚುಕಡಿಮೆ ಒಂದೇ, ತಕ್ಕಡಿ ಅಲುಗುವುದಿಲ್ಲ.

ಈ ಲೆಕ್ಕವನ್ನು ಹಳ್ಳಿಯ ಒಲೆಗೆ ಇಳಿಸಿದವರು ನಮ್ಮವರೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ 1974ರಲ್ಲಿ ಹುಟ್ಟುಹಾಕಿದ 'ಅಸ್ತ್ರ' ಕೇಂದ್ರ ತುಮಕೂರು ಜಿಲ್ಲೆಯ ಉಂಗ್ರದಲ್ಲಿ ತನ್ನ ವಿಸ್ತರಣಾ ಕೇಂದ್ರ ತೆರೆಯಿತು. ಕೆ.ಎಸ್. ಜಗದೀಶ್, ಲೋಕ್ರಸ್ ಮೊದಲಾದವರು ರೂಪಿಸಿದ ಅಸ್ತ್ರ ಒಲೆಯಲ್ಲಿ ಮೂರು ಪಾತ್ರೆಗಳು ಸಾಲಾಗಿ ಕೂರುತ್ತವೆ; ಒಂದರಡಿಯ ಬಿಸಿ ಮುಂದಿನದನ್ನು ಕಾಯಿಸಿ ಆಮೇಲೆ ಕೊಳವೆ ಸೇರುತ್ತದೆ. ಉರಿಗೂಡನ್ನು ಮುಚ್ಚಿ, ಬೇಡದ ಗಾಳಿ ಒಳಹೊಕ್ಕು ಶಾಖ ಕದಿಯದಂತೆ ತಡೆದದ್ದು ಅವರ ನಿಜವಾದ ಜಾಣ್ಮೆ. ಕಟ್ಟಲು ಬೇಕಾದದ್ದು ಮುಖ್ಯವಾಗಿ ಮಣ್ಣು. ಇಂಥ ವಿಜ್ಞಾನಕ್ಕೆ ನಾನು ಮನಸೋತಿದ್ದೇನೆ.

ಅಂಗಡಿಯಲ್ಲಿ ತೋರಿಸುವ, ಕೊಳವೆಯೇ ಇಲ್ಲದ ಮಿರುಗುವ 'ಚಿಮಣಿ'ಗೆ ದುಡ್ಡು ಸುರಿಯಬೇಡಿ. ಅದು ಎಣ್ಣೆಜಿಡ್ಡನ್ನು ಹಿಡಿದು, ನೀರಾವಿಯನ್ನು ಮತ್ತೆ ಕೋಣೆಗೇ ಬಿಡುತ್ತದೆ. ಗ್ಯಾಸ್ ಒಲೆಯ ಮೇಲ್ಗೋಡೆಯಲ್ಲಿ ಎಕ್ಸಾಸ್ಟ್ ಫ್ಯಾನಿಗೆ ತೂತು, ಎದುರುಗೋಡೆಯಲ್ಲಿ ತಗ್ಗಿಗೆ ಒಂದು ಕಿಟಕಿ, ರೊಟ್ಟಿ ಒಲೆಗೆ ಮಾಳಿಗೆ ದಾಟಿ ಏಳುವ ಕೊಳವೆ: ಈ ಮೂರನ್ನೂ ಗಾರೆಯವರಿಗೆ ಪಾಯದ ದಿನವೇ ಹೇಳಿಬಿಡಿ.