ತನ್ನ ತಿದಿಯನ್ನು ತಾನೇ ಒತ್ತುವ ಬೆಂಕಿ

ನಿಮಿಷಕ್ಕೆ ಒಂದು ಲಕ್ಷ ಸುತ್ತು! ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಚಕ್ರವೊಂದು ಕಾರಿನ ಬಾನೆಟ್ಟಿನಡಿ ಇಷ್ಟು ಜೋರಾಗಿ ತಿರುಗುತ್ತದೆ. ತಿರುಗಿಸಲು ಬೆಲ್ಟಿಲ್ಲ, ಗೇರಿಲ್ಲ, ಮೋಟಾರಿಲ್ಲ. ಸೈಲೆನ್ಸರಿನ ಕಡೆಗೆ ಹೊರಟ ಬಿಸಿ ಹೊಗೆ ದಾರಿಯಲ್ಲಿ ಅದನ್ನು ತಳ್ಳಿಕೊಂಡು ಹೋಗುತ್ತದೆ, ಅಷ್ಟೆ. ಆ ಚಕ್ರ ಕೂತಿರುವ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಸೆಳೆದು ಎಂಜಿನ್ನಿಗೆ ತುರುಕುತ್ತದೆ. ಗಾಳಿ ಹೆಚ್ಚಿದರೆ ಪೆಟ್ರೋಲು ಹೆಚ್ಚು ಉರಿಯುತ್ತದೆ, ಹೊಗೆ ಹೆಚ್ಚುತ್ತದೆ, ಚಕ್ರ ಇನ್ನೂ ಬಿರುಸಾಗುತ್ತದೆ. ಕುಲುಮೆಯ ಬೆಂಕಿ ತನ್ನ ತಿದಿಯನ್ನು ತಾನೇ ಒತ್ತಿಕೊಂಡ ಹಾಗೆ! ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಷಿ ಟರ್ಬೊ ಎಂಬ ಈ ಸಾಧನಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ.

ಈಗ ಜಪಾನಿನ ನಿಸ್ಸಾನ್ ಮಾಡಿದ್ದನ್ನು ನೋಡಿ. ಅದೇ ಕಂಪನಿಯ ಡಾಟ್ಸನ್ ಝಡ್ ಕಾರುಗಳಲ್ಲಿದ್ದ ಎಲ್28 ಹಳೇ ಕಾಲದ ಗಟ್ಟಿ ಎಂಜಿನ್: ಬೀಡುಕಬ್ಬಿಣದ ಬ್ಲಾಕು, ಸಾಲಾಗಿ ಆರು ಸಿಲಿಂಡರು, ಕ್ರ್ಯಾಂಕಿಗೆ ಏಳು ಬೇರಿಂಗು, 2,753 ಸಿಸಿ. 1981ರಲ್ಲಿ ಅಮೆರಿಕದ 280ಝಡ್‌ಎಕ್ಸ್‌ಗೆ ಟರ್ಬೊ ಕೂರಿಸಿದರು. 145 ಅಶ್ವಶಕ್ತಿ ಇದ್ದದ್ದು 180ಕ್ಕೆ ಏರಿತು!

ಇಲ್ಲೊಂದು ಲೆಕ್ಕ ನನ್ನನ್ನು ಹಿಡಿದು ನಿಲ್ಲಿಸಿತು. ಟರ್ಬೊ ಒತ್ತುತ್ತಿದ್ದದ್ದು ಸುಮಾರು 7 ಪಿಎಸ್ಐ. ವಾತಾವರಣದ ಒತ್ತಡವೇ 14.7. ಎರಡೂ ಸೇರಿದರೆ ಹತ್ತಿರ ಹತ್ತಿರ ಒಂದೂವರೆ ಪಟ್ಟು. ಶಕ್ತಿ ಮಾತ್ರ ಕಾಲು ಭಾಗದಷ್ಟೇ ಏರಿದ್ದೇಕೆ? ಮಿಕ್ಕದ್ದು ಎಲ್ಲಿ ಸೋರಿತು? ಬಿಸಿಯಲ್ಲಿ! ಅದುಮಿದ ಗಾಳಿ ಕಾಯುತ್ತದೆ. 25 ಡಿಗ್ರಿಯಲ್ಲಿ ಒಳಹೋದದ್ದು 75ರ ಆಸುಪಾಸಿನಲ್ಲಿ ಹೊರಬಂದರೆ, ಅದೇ ಜಾಗದಲ್ಲಿ ಹೆಚ್ಚುವರಿಯಾಗಿ ಹಿಡಿಸುವ ಗಾಳಿ ಕಾಲು ಭಾಗಕ್ಕಿಂತ ತುಸುವೇ ಹೆಚ್ಚು. ಕಾಗದದ ಮೇಲಿನ ಭೌತಶಾಸ್ತ್ರ ಕಾರಿನ ಅಂಕಿಯ ಪಕ್ಕಕ್ಕೇ ಬಂದು ನಿಂತಿತಲ್ಲ! ಜೊತೆಗೆ ನಿಸ್ಸಾನ್ ಕಂಪ್ರೆಷನ್ನನ್ನೂ, ಅಂದರೆ ಸಿಲಿಂಡರು ಗಾಳಿಯನ್ನು ಎಷ್ಟು ಪಟ್ಟು ಹಿಂಡುತ್ತದೆ ಎಂಬುದನ್ನೂ, 7.4ಕ್ಕೆ ಇಳಿಸಿತ್ತು. ಇಳಿಸದೆ ವಿಧಿಯಿಲ್ಲ: ಬಿಸಿ ಗಾಳಿಯನ್ನು ಸಿಲಿಂಡರಿನಲ್ಲಿ ಮತ್ತೆ ಹಿಂಡಿದರೆ ಪೆಟ್ರೋಲು ತನ್ನಷ್ಟಕ್ಕೇ ಸಿಡಿದು ಪಿಸ್ಟನ್ನನ್ನೇ ಕುಟ್ಟುತ್ತದೆ. ಎಷ್ಟೋ ಎಂಜಿನ್ನುಗಳು ಸತ್ತದ್ದು ಈ ನಾಕಿಂಗ್‌ನಿಂದಲೇ.

ಇನ್ನೊಂದು ತಮಾಷೆ. ಈ ಎಂಜಿನ್ನಿನಲ್ಲಿ ಗಾಳಿ ಒಳಹೋಗುವುದೂ ಹೊಗೆ ಹೊರಬರುವುದೂ ಒಂದೇ ಪಕ್ಕದಲ್ಲಿ. ಹಾಗಾಗಿ ಕಾದು ಕೆಂಪಾಗುವ ಟರ್ಬೊ, ತಣ್ಣಗಿರಬೇಕಾದ ಗಾಳಿಯ ಕೊಳವೆಗಳ ಬುಡದಲ್ಲೇ ಕೂತಿದೆ! ಅದಕ್ಕೆಂದೇ ಬಾನೆಟ್ಟಿನಲ್ಲಿ ಗಾಳಿಕಿಂಡಿ ಕೊರೆದರು. ಚಕ್ರದ ದಂಡ ತೇಲುವುದಂತೂ ಎಂಜಿನ್ ಆಯಿಲ್‌ನ ತೆಳು ಪದರದ ಮೇಲೆ. ಆಯಿಲ್ ಬರುವುದು ತಡೆದರೆ ಕಥೆ ಮುಗಿಯಿತು.

ಹಳೆಯ, ಟನ್ನಿನ ಆಸುಪಾಸಿನ ತೂಕದ 240ಝಡ್ ಇಟ್ಟುಕೊಂಡವರಿಗೆ ಇದೊಂದು ಹಬ್ಬ. ಅದರ 2.4 ಲೀಟರ್ ಎಂಜಿನ್ನೂ ಇದೇ ಎಲ್ ವಂಶದ್ದು. ಅದನ್ನು ಎತ್ತಿ ಹೊರಗಿಟ್ಟು ಟರ್ಬೊ 2.8ನ್ನು ಇಳಿಸುವವರು ಇವತ್ತಿಗೂ ಇದ್ದಾರೆ. ನಿಸ್ಸಾನ್ ಹಾಕದೆ ಬಿಟ್ಟಿದ್ದ, ಅದುಮಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರನ್ನೂ ಅವರು ರೇಡಿಯೇಟರಿನ ಮುಂದೆ ಕೂರಿಸುತ್ತಾರೆ. ಬಿಸಿಯಲ್ಲಿ ಸೋರಿದ್ದ ಪಾಲು ಒಂದಿಷ್ಟು ವಾಪಸು ಬರುತ್ತದೆ. ಬಂದ ಕೂಡಲೇ, ಆಸೆಗೆ ಕೊನೆಯಿಲ್ಲ ನೋಡಿ, ಒತ್ತಡವನ್ನು 10ಕ್ಕೋ 12ಕ್ಕೋ ಏರಿಸುತ್ತಾರೆ.