ಮಾನಸಿನ ಬಾಗಿಲು: ಭತ್ತಕ್ಕೋ, ಮೀನಿಗೋ?

ಪಣಜಿ: ಇಲ್ಲಿಂದ ರೈಬಂದರ್ ಮೇಲೆ ಹಾದು ಹಳೇ ಗೋವಾಕ್ಕೆ ಹೋಗುವ ಬಸ್ಸಿನಲ್ಲಿ ಕೂತರೆ ಒಂದು ಕಡೆ ಮಾಂಡವಿ ನದಿ, ಇನ್ನೊಂದು ಕಡೆ ನೀರು ನಿಂತ ತಗ್ಗು, ಉಪ್ಪಿನ ಆಗರ. ದುಡಿಯಲು ಬಂದ ನಮ್ಮ ಉತ್ತರ ಕರ್ನಾಟಕದ ಮಂದಿ ಇದನ್ನ ಕೆರೆ ಅಂತ ತಿಳಿದರೆ ತಪ್ಪಿಲ್ಲ. ಆದರೆ ಇದು ಖಾಜನ್. ಸಮುದ್ರದ ಉಬ್ಬರದ ಮಟ್ಟಕ್ಕಿಂತ ಕೆಳಗಿರುವ ನೆಲಕ್ಕೆ ಮಣ್ಣಿನ ಒಡ್ಡು ಕಟ್ಟಿ ಮಾಡಿದ ಗದ್ದೆ. ಗೋವಾದಲ್ಲಿ ಇಂಥ ಜಮೀನು ಸುಮಾರು 18 ಸಾವಿರ ಹೆಕ್ಟೇರ್ ಇದೆ.

ಒಡ್ಡಿನ ಜೀವ ಇರುವುದು ಮಾನಸಿನಲ್ಲಿ. ಹೆಸರು ಕೇಳಿ ಮನಸ್ಸು ಅಂದುಕೋಬೇಡಿ, ಮಾನಸ್ ಅಂದರೆ ಮರದ ತೂಬು. ಅದರ ಬಾಗಿಲಿಗೆ ಮೋಟಾರಿಲ್ಲ, ಕರೆಂಟಿಲ್ಲ. ಭರ್ತಿ ಬಂದಾಗ ಹೊರಗಿನ ನೀರೇ ಅದನ್ನು ದೂಡಿ ಮುಚ್ಚುತ್ತದೆ. ಸುಕ್ತಿಯಲ್ಲಿ, ಅಂದರೆ ಇಳಿತದಲ್ಲಿ, ಒಳಗಿನ ನೀರಿನ ಒತ್ತಡಕ್ಕೆ ತಾನೇ ತೆರೆಯುತ್ತದೆ. ದಿನಕ್ಕೆ ಎರಡು ಸಲ ಹೀಗೆ. ಬಾಗಿಲಿನ ಹಿಂದೆ ಪೊಂಯ್ ಎನ್ನುವ ಆಳವಾದ ಹೊಂಡ ಇರುತ್ತದೆ. ಸೋರಿ ಬಂದ ಉಪ್ಪುನೀರು, ಗದ್ದೆಯಿಂದ ಬಸಿದ ಮಳೆನೀರು ಎರಡೂ ಅಲ್ಲಿ ತಂಗುತ್ತವೆ. ಮೀನು, ಸಿಗಡಿ ಬೆಳೆಯುವುದೂ ಅಲ್ಲೇ.

ಮುಂಗಾರಿನ ಮಳೆ ನೆಲದ ಉಪ್ಪು ತೊಳೆದ ಮೇಲೆ ಭತ್ತ. ಉಪ್ಪು ತಾಳುವ ಕೊರ್ಗುಟ್ ಇಲ್ಲಿನ ಹಳೇ ತಳಿ. ಕೊಯ್ಲಾದ ಮೇಲೆ ಉಪ್ಪುನೀರು ಒಳಗೆ ಬಿಟ್ಟು ಮೀನು. ಕೆಲವು ಕಡೆ ಬೇಸಿಗೆಗೆ ಉಪ್ಪು. ಒಂದೇ ಹೊಲ, ಮೂರು ಜಮಾ! ಆದರೆ ನೀರಿನ ಮಟ್ಟ ಗೇಣು ಹೆಚ್ಚಾದರೂ ಲೆಕ್ಕ ತಪ್ಪುತ್ತದೆ. ಎಳೆ ಪೈರು ಮುಳುಗುತ್ತದೆ, ಉಪ್ಪು ಏರಿದರೆ ಅದು ಒಂದು ಮಳೆಗಾಲಕ್ಕೆ ಹೋಗುವಂಥದ್ದಲ್ಲ.

ಜಗಳ ಶುರುವಾಗುವುದೇ ಇಲ್ಲಿ. ಮಾನಸಿನ ಬಾಯಿಗೆ ಬಲೆ ಕಟ್ಟಿ ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕುತ್ತಾರೆ. ಆ ಹಣ ಒಡ್ಡಿನ ದುರಸ್ತಿಗೆ ಹೋಗಬೇಕು. ಸಿಗಡಿಗೆ ರೇಟು ಬಂದಂತೆ ಹರಾಜು ಹಿಡಿದವನಿಗೆ ಬಾಗಿಲು ಹೆಚ್ಚು ಹೊತ್ತು ತೆರೆದಿದ್ದರೇ ಲಾಭ. ಗದ್ದೆಯವನಿಗೆ ಅದೇ ನಷ್ಟ. ಹಿಂದೆ ಊರಿನ ಗಾಂವಕರಿ, ಪೋರ್ಚುಗೀಸರ ಕಾಲದಲ್ಲಿ ಕೊಮುನಿದಾದ್ ಅಂತಾದದ್ದು, ಒಡ್ಡನ್ನೂ ಬಾಗಿಲನ್ನೂ ನೋಡಿಕೊಳ್ಳುತ್ತಿತ್ತು. 1964ರ ಗೇಣಿ ಕಾಯ್ದೆ, 1976ರ ತಿದ್ದುಪಡಿಯ ನಂತರ ಉಳುವವನಿಗೆ ಭೂಮಿ ಸಿಕ್ಕಿತು, ಅದು ಆಗಬೇಕಾದದ್ದೇ. ಒಡ್ಡಿನ ಹೊಣೆ ಗೇಣಿದಾರರ ಸಂಘಗಳ ಮೇಲೆ ಬಿತ್ತು. ಸಂಘ ಗಟ್ಟಿ ಇದ್ದಲ್ಲಿ ಕೆಲಸ ನಡೆಯಿತು. ಇಲ್ಲದ ಕಡೆ ಮೀನಿನ ದುಡ್ಡು ಜಮಾ ಆಯ್ತು, ಒಡ್ಡಿನ ಖರ್ಚು ಬಾಕಿ ಉಳೀತು.

ಅದಿರಿನ ಬಾರ್ಜ್‌ಗಳ ಅಲೆಗೂ ಮಾಂಡವಿ, ಜುವಾರಿ ದಂಡೆಯ ಒಡ್ಡುಗಳು ಸವೆದವು. ಏಡಿ ಕೊರೆದ ತೂತು ಬೇರೆ. ಒಡ್ಡು ಒಡೆದು ಗದ್ದೆ ಪಾಳು ಬಿದ್ದರೆ ಕಾಂಡ್ಲಾ ಗಿಡ ತಾನಾಗಿ ಏಳುತ್ತದೆ. ಕರಾವಳಿ ನಿಯಂತ್ರಣ ನಿಯಮದಲ್ಲಿ ಕಾಂಡ್ಲಾಕ್ಕೆ ರಕ್ಷಣೆ ಇದೆ, ಕಡಿಯುವ ಹಾಗಿಲ್ಲ. ಅಲ್ಲಿಗೆ ರೈತನ ಗದ್ದೆ ಕಾಗದದಲ್ಲಿ ಮಾತ್ರ ಗದ್ದೆ. 2011ರ ಕರಾವಳಿ ಅಧಿಸೂಚನೆ ಖಾಜನ್ ಜಮೀನಿನ ಸರ್ವೇ ಮಾಡಿ ನಕ್ಷೆ ಮಾಡಬೇಕು, ಅಲ್ಲಿ ಕಟ್ಟಡ ಕೆಲಸಕ್ಕೆ ಬಿಡಬಾರದು ಅಂದಿದೆ. ಆದರೆ ದಿನಾ ಬಾಗಿಲ ಬಳಿ ನಿಂತು ನೀರು ನೋಡುವವನನ್ನು ಅಧಿಸೂಚನೆ ಕೊಡುವುದಿಲ್ಲವಲ್ಲ.

ಗಡಿಯ ಈಚೆ ಕುಮಟಾ ಕಡೆಯವರಿಗೆ ಇದು ಹೊಸ ಕತೆಯಲ್ಲ. ಅಘನಾಶಿನಿಯ ಗಜನಿ ಗದ್ದೆಗೆ ಜಂತ್ರ ಬಾಗಿಲು, ಕಗ್ಗ ಭತ್ತ. ಅಲ್ಲೂ ಸಿಗಡಿ ಬಂದು ಭತ್ತ ಹಿಂದೆ ಸರಿಯಿತು. ಕಾಸರಗೋಡಿನವರಿಗೆ ಕೈಪಾಡ್ ಅಂದರೆ ಗೊತ್ತಾದೀತು. ಕೈಪಾಡ್ ಅಕ್ಕಿಗೆ ಭೌಗೋಳಿಕ ಗುರುತೂ ಸಿಕ್ಕಿದೆ.

ಮಿರಗದ ಮಳೆ ಬೀಳುವ ಮೊದಲು ಒಡ್ಡಿಗೆ ಮಣ್ಣು ಏರಿಸಿ, ಕೊಳೆತ ಹಲಗೆ ಬದಲಿಸಬೇಕು. ತಡವಾದರೆ ದೊಡ್ಡ ಉಬ್ಬರವೂ ಮಳೆನೀರೂ ಒಟ್ಟಿಗೆ ಬಂದಾಗ ಬಾಗಿಲಿಗೆ ಎರಡೂ ಕಡೆಯಿಂದ ಹೊಡೆತ.